ದೋಟಿಗೆ ಎಟುಕದ ಕೊಂಬೆ

ನಂಗಲಿ
12 ಜೂನ್ 2023

ಮಾಲೂರು ನರ್ಸರಿಯ ಚನ್ನರಾಯಪ್ಪನವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ನಿಮ್ಮನ್ನು ಬೈದುಕೊಂಡೇ ಅಂಗಳ ಗುಡಿಸುತ್ತಿದ್ದೇನೆ.

ಮೊದಲು ಫೋನು ಮಾಡಿದೆ. ನಾನು ಹತ್ತು ಮಾತಾಡಿದರೆ ನೀವು ಹತ್ತು ಸಲ ಹಲೋ ಅಂದಿರಿ. ಕೊನೆಗೆ ನಿಮ್ಮ ಮೊಮ್ಮಗಳಂತೆ, ರಂಜಿತ ಅಂತೆ, ಫೋನು ಕಿತ್ತುಕೊಂಡು, "ತಾತಂಗೆ ಕಿವಿ ಕೇಳ್ಸಲ್ಲ ಆಂಟಿ, ಕಾಗ್ದ ಬರೀರಿ, ಜವಾಬು ಬರೀತಾರೆ" ಅಂದಳು. ಅದಕ್ಕೇ ಈ ಕಾಗದ.

ವಿಷಯ ಇಷ್ಟೇ. 2015ರಲ್ಲಿ ನಿಮ್ಮ ನರ್ಸರಿಯಿಂದ ನಮ್ಮ ಮನೆಗೆ ಒಂದು ಕಕ್ಕೆ ಗಿಡ ಬಂತು. ನಮ್ಮ ಕಡೆ ತೆಲುಗಿನವರು ರೇಲ ಅನ್ನುತ್ತಾರಲ್ಲ, ಅದೇ. ಗಿಡಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೀಟಿಯಲ್ಲಿ ಗುಂಡಗಿನ ಅಕ್ಷರದಲ್ಲಿ ‘ಕಕ್ಕೆ’ ಎಂದು ಬರೆದಿದೆ, ಕೆಳಗೆ ನಿಮ್ಮ ನಂಬರಿದೆ. ಆ ಚೀಟಿ ಈಗಲೂ ನನ್ನ ಅರಿಶಿನ ಕುಂಕುಮದ ಡಬ್ಬಿಯಲ್ಲಿದೆ. ಮರವೇನೋ ಆನೆಮರಿಯಂತೆ ಬೆಳೆದಿದೆ, ಎಲೆಯೋ ಎಲೆ. ಹೂ ಮಾತ್ರ ಒಂದೇ ಒಂದು ಬಿಟ್ಟಿಲ್ಲ. ನಮ್ಮ ಮನೆ ಹೈವೇಗೆ ಬೆನ್ನು ಮಾಡಿ ನಿಂತಿದೆ. ಹೈವೇ ನಡುವೆ ನೆಟ್ಟ ದಿಕ್ಕಿಲ್ಲದ ಗಿಡಗಳೂ ಹೂ ಬಿಡುತ್ತವೆ. ಹೋದ ತಿಂಗಳು ಗಾಳಿಗೆ ಅವುಗಳ ಹಳದಿ ಎಸಳು ನಮ್ಮ ಅಂಗಳಕ್ಕೂ ಬಂದು ಬಿತ್ತು. ಗುಡಿಸಿ ತಿಪ್ಪೆಗೆ ಹಾಕಿದೆ. ಹೊಟ್ಟೆ ಉರಿಯಿತು.

ನೀವು ಕೊಟ್ಟದ್ದು ಎಂಥ ಗಿಡ? ಮನೆ ಮುಂದೆ ಅಂದವಾಗಿರಲಿ ಎಂದು ಕೇಳುತ್ತಿದ್ದೇನೆ, ಬೇರೇನೂ ಇಲ್ಲ. ನೆಟ್ಟಗೆ ಉತ್ತರ ಬರೆಯಿರಿ.

ಶ್ಯಾಮಲಮ್ಮ
ಅಪ್ಪಾಜಪ್ಪನವರ ಹೆಂಡತಿ


ಮಾಲೂರು
19 ಜೂನ್ 2023

ಶ್ರೀಮತಿ ಶ್ಯಾಮಲಮ್ಮನವರಿಗೆ ನಮಸ್ಕಾರ.

ಬೈಗುಳ ತಲುಪಿತು. ಬೇರೆಯವರದು ಕಿವಿಗೆ ಬೀಳುವುದಿಲ್ಲ, ನಿಮ್ಮದು ಕಣ್ಣಿಗೇ ಬಿತ್ತು.

ನಲವತ್ತು ವರ್ಷ ಗಿಡಗಳ ಜೊತೆ ಬದುಕಿದವನು ನಾನು, ಆದ್ದರಿಂದ ಸ್ವಲ್ಪ ಹೇಳಲು ಬಿಡಿ. ಕಕ್ಕೆ ಅವಸರದ ಮರವಲ್ಲ. ಬೀಜದಿಂದ ಎದ್ದ ಗಿಡ ಹೂ ಬಿಡಲು ಎಂಟು ವರ್ಷ, ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಬೇಸಿಗೆ ಹತ್ತಿರ ಬಂದಂತೆ ಎಲೆ ಉದುರಿಸಿ ಬೋಳಾಗುತ್ತದೆ. ಊರೆಲ್ಲ ಬಿಸಿಲಿಗೆ ಬಾಡುವ ಹೊತ್ತಿಗೆ ಮೊಳದುದ್ದದ ಹಳದಿ ಜಡೆಗಳನ್ನು ಇಳಿಬಿಡುತ್ತದೆ. ಅಂದಕ್ಕೆ ಮಾತ್ರ ಎಂದುಕೊಳ್ಳಬೇಡಿ. ಕಟ್ಟಿಗೆ ಗಟ್ಟಿ, ಹಿಂದೆ ಒನಕೆಗೂ ನೇಗಿಲಿಗೂ ಇದನ್ನೇ ಹುಡುಕುತ್ತಿದ್ದರು. ತೊಗಟೆ ಚರ್ಮ ಹದ ಮಾಡಲು. ಎಲೆ ಅರೆದು ಹುಳುಕಡ್ಡಿಗೆ ಹಚ್ಚುತ್ತಾರೆ. ಕೋಲಿನಂಥ ಕಾಯಿಯ ಕಪ್ಪು ತಿರುಳು ಹೊಟ್ಟೆ ಕಟ್ಟಿದವರಿಗೆ ಔಷಧ. ನಮ್ಮಪ್ಪ ಪ್ರತಿ ತಿಂಗಳೂ ನಮ್ಮನ್ನು ಸಾಲಾಗಿ ಕೂರಿಸಿ ತಿನ್ನಿಸುತ್ತಿದ್ದ, ನಾವು ಸಾಲಾಗಿ ಹೊಲಕ್ಕೆ ಓಡುತ್ತಿದ್ದೆವು.

ನಿಮ್ಮ ಮರದ ಒಂದು ಎಲೆ ಕಳಿಸಿ. ಒಂದೇ ದಳವಲ್ಲ, ಕಡ್ಡಿ ಸಮೇತ ಪೂರ್ತಿ. ಪುಸ್ತಕದಲ್ಲಿಟ್ಟು ಒಣಗಿಸಿ ಲಕೋಟೆಗೆ ಹಾಕಿ. ಆ ಚೀಟಿಯ ಶಾಯಿ ಯಾವ ಬಣ್ಣದ್ದು ಎಂದೂ ತಿಳಿಸಿ. ಸುಮ್ಮನೆ ಕೇಳಿದೆ.

ಚನ್ನರಾಯಪ್ಪ


ನಂಗಲಿ
3 ಜುಲೈ 2023

ಚನ್ನರಾಯಪ್ಪನವರಿಗೆ,

ಎಲೆ ಇಟ್ಟಿದ್ದೇನೆ. ಲಕೋಟೆಗೆ ಹಿಡಿಸಲಿಲ್ಲ, ಎರಡು ಮಡಿಕೆ ಮಾಡಿದ್ದೇನೆ. ಒಂದೊಂದು ದಳವೂ ನನ್ನ ಅಂಗೈಗಿಂತ ದೊಡ್ಡದು, ನೋಡಿಕೊಳ್ಳಿ. ನೀಲಿ ಶಾಯಿ.

ಹತ್ತು ವರ್ಷ ಎಂದು ಸಲೀಸಾಗಿ ಬರೆದಿರಿ. ಅಷ್ಟು ದಿನ ಕಾಯಲು ನನಗಾಗುವುದಿಲ್ಲ. ಆರೈಕೆ ಕಡಿಮೆಯಾಗಿದೆ ಎಂದು ಮಾತ್ರ ಹೇಳಬೇಡಿ. ರೇಷ್ಮೆ ಹುಳಕ್ಕೆ ಸೊಪ್ಪು ಬೆಳೆಯುವವಳು ನಾನು, ಮೂವತ್ತು ವರ್ಷದ ಕೈ ಇದು. ನಮ್ಮ ತೋಟದ ಸೊಪ್ಪು ನೋಡಲು ಮುಳಬಾಗಿಲಿನಿಂದ ಜನ ಬರುತ್ತಿದ್ದರು.

ಗಿಡ ತಂದದ್ದು ನನ್ನ ಮಗಳು ಚಂದನ. ಕೋಲಾರದಲ್ಲಿ ಬಿ.ಎಸ್ಸಿ ಓದುವಾಗ ಕಾಲೇಜಿನವರು ನಿಮ್ಮ ನರ್ಸರಿ ತೋರಿಸಲು ಕರೆದುಕೊಂಡು ಬಂದಿದ್ದರಂತೆ. ಬಸ್ಸಿನಲ್ಲಿ ಮಾಲೂರಿನಿಂದ ನಂಗಲಿಯ ತನಕ ತೊಡೆಯ ಮೇಲಿಟ್ಟುಕೊಂಡು ತಂದಳು, ಚೂಡಿದಾರವೆಲ್ಲ ಕೆಸರು. ಈಗ ಶ್ರೀನಿವಾಸಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಬಂದು ಹೋಗಿ ಮಾಡುತ್ತಿರುತ್ತಾಳೆ.

ಶ್ಯಾಮಲಮ್ಮ


ಮಾಲೂರು
28 ಜುಲೈ 2023

ಶ್ಯಾಮಲಮ್ಮನವರಿಗೆ,

ಉತ್ತರ ತಡವಾಯಿತು. ನಿಮ್ಮ ಎಲೆ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ದಿನಕ್ಕೊಂದು ಸಲ ನೋಡುತ್ತೇನೆ, ಬರೆಯಲು ಕೂತು ಎದ್ದು ಹೋಗುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ.

2015ರಲ್ಲಿ ನಮ್ಮಲ್ಲಿ ಚೀಟಿಗಳು ಅದಲುಬದಲಾದವು. ಕಕ್ಕೆಯ ಸಸಿಗಳ ಪಕ್ಕದಲ್ಲೇ ಅಂಟುವಾಳದ ಸಸಿಗಳಿದ್ದವು. ನಿಮ್ಮ ಕಡೆ ಕುಂಕುಡುಕಾಯಿ ಎನ್ನುವುದು. ಚಿಕ್ಕದಿರುವಾಗ ಎರಡೂ ಒಂದೇ ತರಹ ಕಾಣುತ್ತವೆ. ನೀಲಿ ಶಾಯಿಯ ಚೀಟಿಗಳಲ್ಲೇ ತಪ್ಪಾಗಿದ್ದು, ಏಳೆಂಟು ಜನ ಆಮೇಲೆ ಬಂದು ಜಗಳವಾಡಿದರು. ನೀವು ಕಳಿಸಿದಷ್ಟು ದೊಡ್ಡ, ಅಷ್ಟು ಕಪ್ಪು ಹಸಿರಿನ ಎಲೆ ನಾನು ಕಕ್ಕೆಯಲ್ಲಿ ಕಂಡಿಲ್ಲ. ನಿಮ್ಮ ಮರವೂ ಅಂಟುವಾಳವೇ ಇರಬೇಕು. ಅದು ಹಳದಿ ಹೂ ಬಿಡುವುದಿಲ್ಲ.

ತಪ್ಪು ನಮ್ಮದು. ಮೂರು ವರ್ಷದ ಒಳ್ಳೆಯ ಕಕ್ಕೆ ಸಸಿಯೊಂದನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ, ಹೂಂ ಅನ್ನಿ.

ಚನ್ನರಾಯಪ್ಪ


ನಂಗಲಿ
11 ಸೆಪ್ಟೆಂಬರ್ 2023

ಚನ್ನರಾಯಪ್ಪನವರೇ,

ನಿಮ್ಮ ಸಸಿ ನಿಮ್ಮ ಹತ್ತಿರವೇ ಇರಲಿ.

ಒಂದೂವರೆ ತಿಂಗಳು ನಾನು ಕಾಗದ ಮುಟ್ಟಲಿಲ್ಲ. ಹುಳಕ್ಕೆ ಸೊಪ್ಪು ಹಾಕುವಾಗಲೂ, ಮುದ್ದೆ ತಿರುವುವಾಗಲೂ ತಲೆಯಲ್ಲಿ ಅದೇ, ಎಂಟು ವರ್ಷ ತಲೆ ತೊಳೆಯುವ ಕಾಯಿಯ ಮರ ಸಾಕಿದೆನಾ ಎಂದು. ಇವರು, "ಹೋಗ್ಲಿ ಬಿಡೇ, ಸೋಪು ಉಳೀತು" ಅಂದರು. ಆವತ್ತು ಇವರಿಗೆ ಅನ್ನ ಬಡಿಸಲಿಲ್ಲ.

ನಾನು ನಿಮಗೆ ಸುಳ್ಳು ಬರೆದಿದ್ದೆ. ನನ್ನ ಮಗಳು ಬಂದು ಹೋಗಿ ಮಾಡುವುದಿಲ್ಲ. ಆರೂವರೆ ವರ್ಷವಾಯಿತು, ಈ ಹೊಸ್ತಿಲು ತುಳಿದಿಲ್ಲ.

ನನ್ನ ತಮ್ಮ ಕದಿರೇಶನಿಗೆ ಅವಳನ್ನು ಕೊಡುತ್ತೇನೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ತವರಿನಲ್ಲಿ ಮಾತು ಕೊಟ್ಟಿದ್ದೆ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಇದ್ದದ್ದೇ, ನಮ್ಮಮ್ಮನನ್ನೂ ಹಾಗೇ ಕೊಟ್ಟದ್ದು. ಇವಳು, "ಎತ್ಕೊಂಡು ಆಡಿಸ್ದೋನ್ನ ಹೆಂಗಮ್ಮ ಕಟ್ಕೊಳ್ಳಿ, ನಾನು ಒಲ್ಲೆ" ಎಂದು ಕೂತಳು. 2017ರ ಮಾರ್ಚಿನಲ್ಲಿ ಕೋಲಾರದಲ್ಲಿ ಉದಯಕುಮಾರ್ ಎನ್ನುವವನ ಜೊತೆ ರಿಜಿಸ್ಟರ್ ಮದುವೆ ಮಾಡಿಕೊಂಡು, ಹಾರದ ಸಮೇತ ಅಂಗಳಕ್ಕೆ ಬಂದು ನಿಂತಳು.

ಅವಳು ನೆಟ್ಟ ಗಿಡ ಆಗ ಒಂದು ಎಲೆಯೂ ಇಲ್ಲದೆ ಒಣಗಿ ನಿಂತಿತ್ತು. ನನ್ನ ಬಾಯಲ್ಲಿ ಬಂತು: "ಈ ಒಣ ಕಡ್ಡಿ ಹೂ ಬಿಟ್ಟ ದಿನ ಕರೀತೀನಿ, ಆಗ ಬಾ. ಅಲ್ಲಿವರ್ಗೂ ನೀನಾಗಿ ಬರ್ಬೇಡ, ನಾನಾಗಿ ಕರಿಯಲ್ಲ. ಮುಳಬಾಗಿಲು ಆಂಜನೇಯಸ್ವಾಮಿ ಆಣೆ." ಸತ್ತ ಕಡ್ಡಿ ಎಂದು ಗೊತ್ತಿದ್ದೇ ಅಂದೆ. ಅವಳು ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಟುಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೇ ದಿನ ಬೆಳಿಗ್ಗೆ ನಾನೇ ಹೋಗಿ ಆ ಕಡ್ಡಿಗೆ ಒಂದು ಬಿಂದಿಗೆ ನೀರು ಹುಯ್ದೆ. ಆಣೆಯನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಹೂವನ್ನಾದರೂ ಬರಿಸಬಹುದಲ್ಲ ಎಂದುಕೊಂಡೆ. ವಾರದಲ್ಲಿ ಚಿಗುರಿತು. ಅವತ್ತಿನಿಂದ ಒಂದು ದಿನ ನೀರು ತಪ್ಪಿಸಿಲ್ಲ. ಹುಳದ ಹಿಕ್ಕೆಯ ಗೊಬ್ಬರವನ್ನು ತೋಟಕ್ಕಿಂತ ಮೊದಲು ಅದಕ್ಕೆ ಹಾಕಿದ್ದೇನೆ. ಸೊಪ್ಪಿನ ಗಿಡಕ್ಕೆ ಮಾಡುವಂತೆಯೇ ವರ್ಷಕ್ಕೆರಡು ಸಲ, ಗಳಕ್ಕೆ ಕುಡುಗೋಲು ಕಟ್ಟಿದ ದೋಟಿಯಿಂದ ಕೊಂಬೆಗಳನ್ನೆಲ್ಲ ಸವರಿ ಹೊಸ ಚಿಗುರು ಬರಿಸಿದ್ದೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಇಷ್ಟು ಮಾಡಿರಲಿಲ್ಲ.

ಕದಿರೇಶ ಬೇರೆ ಮದುವೆಯಾಗಿ ಎರಡು ಮಕ್ಕಳಾದವು. ಅವನು ಮರೆತ. ನಾನೊಬ್ಬಳು ಈ ಮರದ ಬುಡದಲ್ಲಿ ಕೂತಿದ್ದೇನೆ. ಈಗ ನೀವು ಇದು ಆ ಮರವೇ ಅಲ್ಲ ಅನ್ನುತ್ತೀರಿ. ಹಾಗಾದರೆ ನನ್ನ ಮಗಳು ಯಾವತ್ತೂ ಬರುವ ಹಾಗಿಲ್ಲವಾ? ಹೇಳಿ.

ಶ್ಯಾಮಲಮ್ಮ


ಮಾಲೂರು
15 ಸೆಪ್ಟೆಂಬರ್ 2023

ತಂಗಿ ಶ್ಯಾಮಲಮ್ಮನಿಗೆ,

ದೋಟಿಯನ್ನು ಕೆಳಗಿಡಿ. ಈ ಕಾಗದ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಹೋಗಿ ಅದನ್ನು ಅಟ್ಟದ ಮೇಲೆ ಹಾಕಿ ಬನ್ನಿ.

ಬಂದಿರಾ? ಈಗ ಕೇಳಿ. ನಿಮ್ಮದು ಅಂಟುವಾಳವಲ್ಲ. ನಾನೊಬ್ಬ ದಡ್ಡ, ಒಂದು ಎಲೆ ನೋಡಿ ತೀರ್ಪು ಕೊಟ್ಟೆ. ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ. ಮಾರ್ಚಿನಲ್ಲಿ ಒಂದು ಎಲೆಯೂ ಇಲ್ಲದೆ ಬೋಳಾಗಿತ್ತು ಎಂದಿರಲ್ಲ, ಅದು ಸತ್ತಿರಲಿಲ್ಲ, ಕಕ್ಕೆಯ ಕಾಲವೇ ಅದು. ಕಡಿದ ಮರದ ಹೊಸ ಚಿಗುರಿನಲ್ಲಿ ಎಲೆ ಯಾವಾಗಲೂ ಎರಡು ಪಟ್ಟು ದೊಡ್ಡದಾಗಿ ಬರುತ್ತದೆ, ಅದೇ ನನ್ನನ್ನು ದಾರಿ ತಪ್ಪಿಸಿತು. ನಮ್ಮ ಗೇಟಿನ ಬಳಿ ಕರೆಂಟಿನವರು ಕೊಂಬೆ ಕಡಿದ ಕಕ್ಕೆಯೊಂದಿದೆ. ನಿಮ್ಮ ಎಲೆಯನ್ನು ಒಯ್ದು ಅದರ ಚಿಗುರಿನ ಪಕ್ಕ ಹಿಡಿದೆ. ಅಣ್ಣ ತಮ್ಮಂದಿರು.

ಸೊಪ್ಪಿನ ಗಿಡದಿಂದ ನಿಮಗೆ ಬೇಕಾದದ್ದು ಎಲೆ. ಕಡಿದಷ್ಟೂ, ನೀರು ಕೊಟ್ಟಷ್ಟೂ ಎಲೆ ಬರುತ್ತದೆ. ಕಕ್ಕೆಯ ಹೂ ಬರುವುದು ಮಾಗಿದ ಹಳೇ ಕೊಂಬೆಯ ಮೇಲೆ. ನೀವು ಪ್ರತಿ ವರ್ಷ ಕಡಿದು ಹಾಕಿದ್ದು ಅದನ್ನೇ. ಅದಕ್ಕೆ ಬಾಯಾರಬೇಕು, ಬೋಳಾಗಬೇಕು. ನೀವು ಬಿಡಲಿಲ್ಲ. ಬೈಯುತ್ತಿಲ್ಲ ತಂಗಿ. ಮೂವತ್ತು ವರ್ಷ ಸೊಪ್ಪು ಬೆಳೆದ ಕೈ ಅಷ್ಟನ್ನೇ ಬಲ್ಲದು.

ಇನ್ನು ಕಡಿಯಬೇಡಿ, ಗೊಬ್ಬರ ಬೇಡ, ಮಳೆ ನಿಂತ ಮೇಲೆ ಒಂದು ತೊಟ್ಟು ನೀರೂ ಬೇಡ. ಮತ್ತೆ ಒಂದು ಮಾತು. ಶ್ರೀನಿವಾಸಪುರ ನಿಮ್ಮಿಂದ ಎಷ್ಟು ದೂರ? ಹೋಗಿ ಕರೆದುಕೊಂಡು ಬರಬಾರದೇ?

ಚನ್ನರಾಯಪ್ಪ


ನಂಗಲಿ
14 ಜನವರಿ 2024

ಚನ್ನರಾಯಪ್ಪಣ್ಣನವರಿಗೆ, ಸಂಕ್ರಾಂತಿಯ ನಮಸ್ಕಾರ. ಎಳ್ಳು ಬೆಲ್ಲ ಈ ಪೊಟ್ಟಣದಲ್ಲಿದೆ, ರಂಜಿತಳಿಗೂ ಕೊಡಿ.

ಸೆಪ್ಟೆಂಬರಿನ ನಿಮ್ಮ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ಓದಿದವಳೇ ಮರದ ಹತ್ತಿರ ಹೋಗಿ ನಿಂತೆ. ಗೆಣ್ಣುಗೆಣ್ಣಿಗೂ ನನ್ನ ಕುಡುಗೋಲಿನ ಗುರುತು. ಕೈಯಾರೆ ಮಗಳ ದಾರಿಗೆ ಬೇಲಿ ಹಾಕಿದ್ದೇನೆ ಎಂದು ಕೂತು ಅತ್ತೆ. ಇವರು ಬಂದು ದೋಟಿಯಿಂದ ಕುಡುಗೋಲು ಬಿಚ್ಚಿ ಅಟ್ಟಕ್ಕೆ ಹಾಕಿದರು.

ಈಗ ಬರೆಯುತ್ತಿರುವ ಕಾರಣ ಬೇರೆ. ಡಿಸೆಂಬರಿನಲ್ಲಿ ಇವರು ಕೋಲಾರಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಚಂದನ ಕಂಡಳಂತೆ. ಆಸ್ಪತ್ರೆಗೆ ಬಂದಿದ್ದಳಂತೆ. ಆಮೇಲೆ ಇವರು ಎರಡು ಸಲ ನನಗೆ ಹೇಳದೆ ಶ್ರೀನಿವಾಸಪುರಕ್ಕೂ ಹೋಗಿ ಬಂದಿದ್ದಾರೆ. ನಿನ್ನೆ ಕಡಲೆಕಾಯಿ ಬಿಡಿಸುತ್ತಾ ಬಾಯಿಬಿಟ್ಟರು. "ಲೇ, ನೀನು ಅಜ್ಜಿ ಆಗ್ತೀಯ ಕಣೇ" ಅಂದರು. ಐದು ತಿಂಗಳು. ಏಳು ವರ್ಷವಾದ ಮೇಲೆ.

ಅಣ್ಣಾ, ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮಲ್ಲಿ ಏಳರಲ್ಲಿ ಕರೆಯುತ್ತಾರೆ, ತಪ್ಪಿದರೆ ಒಂಬತ್ತರಲ್ಲಿ, ಎಂಟರಲ್ಲಿ ಕರೆಯುವುದಿಲ್ಲ. ಏಳು ಹೇಗೂ ಆಗದು. ಏಪ್ರಿಲ್ ಕೊನೆಗೆ ಒಂಬತ್ತು ಬೀಳುತ್ತದೆ. ಅಷ್ಟರೊಳಗೆ ಹೂ ಬಿಡುತ್ತದಾ? ಒಂದು ಗೊಂಚಲು ಸಾಕು.

ಸುಮ್ಮನೆ ಹೋಗಿ ಕರೆದುಕೊಂಡು ಬನ್ನಿ ಎಂದು ಮತ್ತೆ ಬರೆಯಬೇಡಿ. ಆಂಜನೇಯನ ಆಣೆ ಮುರಿದರೆ ನನಗೇನಾದರೂ ಆಗಲಿ, ಸಹಿಸುತ್ತೇನೆ. ಬಸುರಿಗೆ ತಟ್ಟಿದರೆ ಏನು ಮಾಡಲಿ?

ಶ್ಯಾಮಲಮ್ಮ


ಮಾಲೂರು
22 ಜನವರಿ 2024

ತಂಗಿ ಶ್ಯಾಮಲಮ್ಮನಿಗೆ,

ಸಿಹಿ ಸುದ್ದಿ ಓದಿ ರಂಜಿತಳೂ ನಾನೂ ಕುಣಿದೆವು. ನಾನು ಕುಣಿದದ್ದನ್ನು ನಂಬಬೇಡಿ, ಮಂಡಿ ನೋವು.

ಸುಳ್ಳು ಸಮಾಧಾನ ಹೇಳಲಾರೆ. ಹೋದ ವರ್ಷ ಕಡಿದ ಕೊಂಬೆ ಈ ಬೇಸಿಗೆಗೆ ಹೂ ಬಿಡುವುದು ಕಷ್ಟ. ಎರಡು ಮೂರು ವರ್ಷ ಬೇಕು. ನಿಮ್ಮ ದೋಟಿಗೆ ಎಟುಕದೆ ಉಳಿದ ಕೊಂಬೆ ಯಾವುದಾದರೂ ಇದೆಯೇ? ಇದ್ದರೆ ಅದರ ಮೇಲೆ ಆಸೆ ಇಡಬಹುದು.

ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ನಮ್ಮ ಗೇಟಿನ ಆಚೆ ಯಾರೂ ಕಡಿಯದ ಇನ್ನೊಂದು ಕಕ್ಕೆ ಇದೆ, ಏಪ್ರಿಲಿನಲ್ಲಿ ಹೂ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಗೊಂಚಲು ಕಳಿಸುತ್ತೇನೆ, ನಿಮ್ಮ ಮರಕ್ಕೆ ಕಟ್ಟಿ. ಮರದ ಮೇಲೆ ಹೂವಿದ್ದರೆ ಸಾಕು ತಾನೇ? ಆಂಜನೇಯ ನಿಮ್ಮಷ್ಟು ಹಠಮಾರಿಯಲ್ಲ, ಒಪ್ಪಿಕೊಳ್ಳುತ್ತಾನೆ.

ಚನ್ನರಾಯಪ್ಪ


ನಂಗಲಿ
27 ಮಾರ್ಚ್ 2024

ಚನ್ನರಾಯಪ್ಪಣ್ಣನವರಿಗೆ,

ಕಟ್ಟಿದ ಹೂ ಬೇಡ. ಸಂತೆಯಲ್ಲಿ ಕೊಂಡ ಹೂವನ್ನು ದೇವರಿಗೆ ಮುಡಿಸಬಹುದು, ದೇವರಿಗೆ ಟೋಪಿ ಹಾಕಲಾಗದು. ಇವರಿಗೆ ಮಾತ್ರ ನಿಮ್ಮ ಉಪಾಯ ಬಹಳ ಹಿಡಿಸಿತು. "ಕಿವಿ ಇಲ್ದಿದ್ರೂ ತಲೆ ಐತೆ ಕಣೇ ಆಯಪ್ಪನಿಗೆ" ಅಂದರು.

ಮರ ಬೋಳಾಗಿದೆ. ಶಿವರಾತ್ರಿ ಕಳೆದದ್ದೇ ಎಲೆ ಉದುರಲು ಶುರುವಾಯಿತು, ಈಗ ಒಂದೂ ಇಲ್ಲ. ಆ ದಿನ ಅವಳು ಹಾರ ಹಾಕಿಕೊಂಡು ನಿಂತಾಗ ಹೇಗಿತ್ತೋ ಹಾಗೇ ಇದೆ. ನೀವು ಮೊದಲೇ ಹೇಳಿದ್ದಿರಿ, ಆದರೂ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತೇನೆ. ಕದಿರೇಶ ಬಂದವನು ತೊಗಟೆ ತಟ್ಟಿ ನೋಡಿ, "ಚೆಟ್ಟು ಚಚ್ಚಿಪೋಯಿಂದಕ್ಕಾ, ಕೊಡ್ಲಿ ತಗೊಂಡ್ಬಾ, ಸೌದೆಗಾದ್ರೂ ಆಗ್ತದೆ" ಅಂದ. ಸತ್ತಿದೆ ಎಂದು ಅವನೇ ಹೇಳಿಬಿಟ್ಟ. "ನೀನು ಸೌದೆಗೆ ಹೋಗು" ಎಂದು ಬೈದು ಕಳಿಸಿದೆ, ಕಾಫಿಯೂ ಕೊಡಲಿಲ್ಲ. ಅವನು ಹೋದ ಮೇಲೆ ತಡೆಯಲಾಗದೆ ಒಂದು ಬಿಂದಿಗೆ ನೀರು ಹುಯ್ದುಬಿಟ್ಟೆ. ಒಂದೇ ಅಣ್ಣಾ. ಕ್ಷಮಿಸಿ.

ಎಟುಕದ ಕೊಂಬೆ ಕೇಳಿದ್ದಿರಿ. ಒಂದಿದೆ. ಹುಳು ಸಾಕುವ ಮನೆಯ ಶೀಟಿನ ಮೇಲೆ ಹಾಯ್ದು ಹಿಂದಕ್ಕೆ, ಹೈವೇ ಕಡೆಗೆ ಬಾಗಿದೆ. ಎತ್ತರದ ಸೂರು ಅಡ್ಡವಾಗಿ ನಮ್ಮ ಅಂಗಳಕ್ಕೆ ಅದರ ತುದಿ ಕಾಣುವುದಿಲ್ಲ. ಹಿಂದೆ ಬರೀ ಹಳ್ಳ, ಮುಳ್ಳು, ನಾವು ಆ ಕಡೆ ಹೋಗುವುದೇ ಇಲ್ಲ. ಕಂಡಷ್ಟು ಭಾಗದಲ್ಲಿ ಒಂದು ಮೊಗ್ಗೂ ಇಲ್ಲ.

ಇನ್ನು ಒಂದು ತಿಂಗಳು.

ಶ್ಯಾಮಲಮ್ಮ


ಮಾಲೂರು
2 ಏಪ್ರಿಲ್ 2024

ತಂಗಿ,

ಬೋಳಾದದ್ದು ಒಳ್ಳೆಯದು. ಒಂದು ಬಿಂದಿಗೆಗೆ ಏನೂ ಆಗದು. ಆ ಹಿಂದಿನ ಕೊಂಬೆಯನ್ನು ಯಾರಾದರೂ ಸೂರು ಹತ್ತಿ ನೋಡಲಿ. ಅವಸರ ಬೇಡ, ಈ ತಿಂಗಳ ಕೊನೆಗೆ ನೋಡಲಿ.

ನಾನೂ ನಿಮ್ಮಿಂದ ಒಂದು ಮುಚ್ಚಿಟ್ಟಿದ್ದೇನೆ. ಆ ಚೀಟಿಗಳನ್ನು ಬರೆದವಳು ನನ್ನ ಹೆಂಡತಿ ಆದಿಲಕ್ಷ್ಮಮ್ಮ. ಆ ವರ್ಷ ಸಕ್ಕರೆ ಕಾಯಿಲೆಗೆ ಅವಳ ಕಣ್ಣು ಮಂಜಾಗಿತ್ತು. ನನಗೆ ಹೇಳಿರಲಿಲ್ಲ, ಹೇಳಿದರೆ ಕೆಲಸ ಬಿಡಿಸುತ್ತೇನೆಂದು ಹೆದರಿಕೆ. ಜನ ಬಂದು ಜಗಳವಾಡಿದಾಗ ನಾನು ಅಷ್ಟೂ ಗಿರಾಕಿಗಳ ಎದುರಿಗೆ, "ಇವಳು ಬರ್ದಿದ್ದೆಲ್ಲ ತಪ್ಪು, ಒಂದೂ ನಂಬ್ಬೇಡಿ" ಎಂದು ಕೂಗಾಡಿದೆ. ಅವಳು, "ಒಂದಾದ್ರೂ ಸರಿ ಇರ್ತದೆ ರೀ" ಅಂದಳು. ಆಮೇಲೆ ಪೆನ್ನು ಮುಟ್ಟಲಿಲ್ಲ. ಮರುವರ್ಷ ತೀರಿಕೊಂಡಳು. ನೀಲಿ ಶಾಯಿ ಎಂದು ನೀವು ಬರೆದಾಗ ನನಗೆ ಅದೇ ನೆನಪಾಯಿತು.

ನಿಮ್ಮ ಮರ ಹೂ ಬಿಡಲಿ ಎಂದು ನಾನೂ ಕಾಯುತ್ತಿದ್ದೇನೆ.

ಚನ್ನರಾಯಪ್ಪ


ನಂಗಲಿ
4 ಮೇ 2024

ಅಣ್ಣಾ,

ಎಲ್ಲಿಂದ ಶುರು ಮಾಡಲಿ?

ಮೊನ್ನೆ ಸೋಮವಾರ ಬೆಳಿಗ್ಗೆ ಇವರು ಏಣಿ ಹಾಕಿ ಹುಳು ಮನೆಯ ಸೂರು ಹತ್ತಿದರು. ನಾನು ಕೆಳಗೆ ಏಣಿ ಹಿಡಿದು ಆಂಜನೇಯನನ್ನು ನೆನೆಯುತ್ತಿದ್ದೆ. "ಏನೈತೆ ರೀ? ಮೊಗ್ಗು ಐತಾ?" ಎಂದು ಕೂಗಿದೆ. ಮೇಲಿನಿಂದ ಏನೋ ಕೋಲಿನಂಥದ್ದು ಟಪ್ ಎಂದು ನನ್ನ ಕಾಲ ಹತ್ತಿರ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಕಪ್ಪಗೆ, ಮೊಳಕ್ಕಿಂತ ಉದ್ದ. ಒಂದನ್ನು ಎತ್ತಿಕೊಂಡೆ. ಒಳಗೆ ಬೀಜ ಗಲಗಲ ಅಂದಿತು.

ಕಕ್ಕೆಕಾಯಿ! ಇವರು ಸೂರಿನ ಮೇಲೆ ಕೂತೇ, "ಲೇ ಶ್ಯಾಮಲಾ, ಹಿಂದ್ಗಡೆ ಇನ್ನೂ ಹತ್ತು ಹನ್ನೆರಡು ತೂಗಾಡ್ತಾವೆ. ಹೊಸ ಮೊಗ್ಗಿನ ಜಡೆಗಳೂ ಇಳಿದಾವೆ" ಅಂದರು. ನಮ್ಮೂರಿನ ಮುದುಕಿ ಕೊಂಡಮ್ಮನಿಗೆ ನಾಟಿ ಔಷಧ ಗೊತ್ತು. ಅವಳ ಹತ್ತಿರ ಕಾಯಿ ಒಯ್ದು ತೋರಿಸಿದೆ. "ಇದು ಹೋದ ಬೇಸಿಗೆ ಹೂವಿಂದು ಕಣಮ್ಮಿ. ರೇಲಕಾಯಿ ಮಾಗೋಕೆ ಒಂದು ವರ್ಷ ಹಿಡೀತದೆ" ಅಂದಳು.

ಅಂದರೆ ನಮ್ಮ ಮರ ಹೋದ ವರ್ಷವೇ ಹೂ ಬಿಟ್ಟಿತ್ತು. ನನಗೆ ಕಾಣದ ಕಡೆಗೆ, ದೋಟಿಗೆ ಎಟುಕದ ಆ ಒಂದೇ ಕೊಂಬೆಯಲ್ಲಿ. ಆಣೆ ತೀರಿ ಒಂದು ವರ್ಷವಾಗಿತ್ತು.

ಮಂಗಳವಾರವೇ ಹೊರಟೆವು. ಒಂಬತ್ತು ಬಿದ್ದಿತ್ತು. ಸೀರೆ, ಬಳೆ, ಹೂವು, ಹಣ್ಣು, ಮಡಿಲಕ್ಕಿ ಎಲ್ಲಾ ಕಟ್ಟಿಕೊಂಡೆ. ಒಂದು ಕಕ್ಕೆಕಾಯನ್ನೂ ಚೀಲಕ್ಕೆ ತುರುಕಿಕೊಂಡೆ, ತುದಿ ಹೊರಗೆ ಚಾಚಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕದವಳು, "ಯಾರಿಗಮ್ಮ ಹೊಟ್ಟೆ ಕಟ್ಟಿರೋದು?" ಎಂದು ಕೇಳಿದಳು. ನನಗೆ ನಗು ಬಂತು. ಎಷ್ಟು ವರ್ಷವಾಗಿತ್ತೋ ಬಸ್ಸಿನಲ್ಲಿ ನಕ್ಕು.

ಬಾಗಿಲು ತೆಗೆದವಳು ಚಂದನಳೇ. ತುಂಬಿದ ಹೊಟ್ಟೆ, ಊದಿದ ಕಾಲು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಚೀಲದಿಂದ ಕಾಯಿ ತೆಗೆದು ಅವಳ ಮುಂದೆ ಅಲ್ಲಾಡಿಸಿದೆ.

"ಹೂ ಬಿಟ್ಟೈತೆ ಕಣೇ. ಕರ್ಯೋಕೆ ಬಂದೆ" ಅಂದೆ.

ಅವಳು ಕಾಯಿಯನ್ನು ನೋಡಿ, "ಗೊತ್ತಮ್ಮ" ಅಂದಳು.

"ಏನೇ ಗೊತ್ತು?"

"ಹೋದ್ವರ್ಷ ಮೇ ತಿಂಗಳಲ್ಲಿ ಮಕ್ಕಳಾಗ್ಲಿ ಅಂತ ಹರಕೆ ಹೊತ್ಕೊಂಡು ತಿರುಪತಿಗೆ ಹೋಗ್ತಿದ್ವಿ. ನಂಗಲಿ ದಾಟಿದ್ಮೇಲೆ ಬಸ್ಸಿನ ಕಿಟಕೀಲಿ ನೋಡ್ದೆ. ಹುಳು ಮನೆ ಹಿಂದ್ಗಡೆ ಹಳದಿ ಜಡೆ ಇಳಿಬಿಟ್ಟಿತ್ತು. ಇವ್ರನ್ನ ಎಬ್ಬಿಸಿ ತೋರ್ಸಿ ಅತ್ಬಿಟ್ಟೆ. ವಾಪಸ್ ಬಂದಿದ್ದೇ ಬಟ್ಟೆ ಜೋಡಿಸ್ಕೊಂಡು ಕೂತೆ. ಅಮ್ಮ ಇವತ್ತು ಕರೀತಾಳೆ, ನಾಳೆ ಕರೀತಾಳೆ ಅಂತ. ನೀನು ಕರೀಲಿಲ್ಲ."

"ಒಂದು ಮಾತು ಕೇಳೋದಲ್ವೇನೆ! ನಿಮ್ಮಪ್ಪ ಬರ್ತಿದ್ರಲ್ಲ, ಅವ್ರಿಗಾದ್ರೂ ಹೇಳೋದಲ್ವಾ?"

"ಹೂ ಬಿಟ್ಮೇಲೂ ಅಮ್ಮನಿಗೆ ನಾನು ಬೇಡ ಅಂದ್ಕೊಂಡೆ. ಕೇಳಿ ಇನ್ನೊಂದ್ಸಲ ಇಲ್ಲ ಅನ್ನಿಸ್ಕೊಳ್ಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ನಾನು ಹೊಸ್ತಿಲಲ್ಲೇ ಕೂತೆ. ಅವಳು ಬಟ್ಟೆ ಜೋಡಿಸಿಕೊಂಡು ಕೂತಿದ್ದ ಅದೇ ದಿನಗಳಲ್ಲಿ ನಾನು ಅಂಗಳಕ್ಕೆ ಬಿದ್ದ ಹಳದಿ ಎಸಳನ್ನು ಹೈವೇಯ ಹೂವೆಂದು ತಿಪ್ಪೆಗೆ ಹಾಕಿ, ನಿಮ್ಮನ್ನು ಬೈದು ಕಾಗದ ಬರೆದಿದ್ದೆ. ನೆನಪಿದೆಯಾ? ಅದನ್ನು ಹೇಳಿದೆ. ಅವಳು ಕಷ್ಟಪಟ್ಟು ಬಗ್ಗಿ ನನ್ನ ಪಕ್ಕ ಕೂತು, "ಪೊರಕೆ ನೋಡಿದ್ರೆ ಸಾಕು ನಿಂಗೆ ಕಣ್ಣು ಕಾಣಲ್ಲ" ಅಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅಳಿಯ ಪಾಪ ಇಬ್ಬರಿಗೂ ನೀರು ತಂದು ಕೊಟ್ಟು ನಿಂತಿದ್ದ. ಒಳ್ಳೆಯ ಹುಡುಗ. ಏಳು ವರ್ಷ ಅವನ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ಈಗ ಅವಳು ಒಳಗೆ ಮಲಗಿದ್ದಾಳೆ. ನಾನು ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ.

ಈ ಪೊಟ್ಟಣದಲ್ಲಿ ಒಂದು ಕಾಯಿ ಇದೆ. ಜೊತೆಗೆ ಆ ನೀಲಿ ಶಾಯಿಯ ಚೀಟಿ. ಆದಿಲಕ್ಷ್ಮಮ್ಮನವರು ಬರೆದದ್ದು ಸರಿಯಾಗಿತ್ತು ಅಣ್ಣಾ. ನನಗೆ ಇನ್ನು ಆ ಚೀಟಿ ಬೇಡ, ನಿಮ್ಮ ಹತ್ತಿರ ಇರಬೇಕಾದದ್ದು.

ನಿಮ್ಮ ತಂಗಿ
ಶ್ಯಾಮಲಮ್ಮ


ಮಾಲೂರು
10 ಮೇ 2024

ತಂಗಿ ಶ್ಯಾಮಲಮ್ಮನಿಗೆ,

ಪೊಟ್ಟಣ ತಲುಪಿತು. ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ, ಕೇಳಲಿಲ್ಲ. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬೀಜ ಬಡಿಯುವುದು ಗೊತ್ತಾಯಿತು. ಒಂದಷ್ಟು ಬೀಜವನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದೇನೆ. ನಿಮ್ಮ ಮೊಮ್ಮಗುವಿಗೆ ಒಂದು ಸಸಿ. ಅದರ ಹತ್ತಿರ ದೋಟಿ ತಂದರೆ ನಾನೇ ನಂಗಲಿಗೆ ಬಂದು ಜಗಳವಾಡುತ್ತೇನೆ. ಚಂದನಳನ್ನು ಚೆನ್ನಾಗಿ ನೋಡಿಕೊಳ್ಳಿ. ತಿರುಳನ್ನು ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ.

ಚೀಟಿಯನ್ನು ಆದಿಲಕ್ಷ್ಮಿಯ ಫೋಟೋ ಮುಂದೆ ಇಟ್ಟು, "ಒಂದು ಸರಿ ಇತ್ತು ಕಣೇ, ತಪ್ಪು ನಂದೇ" ಎಂದು ಹೇಳಿದೆ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಬೀದಿಯ ಕೊನೆಯ ಮನೆಯವರಿಗೂ ಕೇಳಿಸಿತು ಎಂದು ರಂಜಿತ ಕಣ್ಣು ಒರೆಸಿಕೊಂಡು ಹೇಳಿದಳು. ಕೇಳಲಿ ಬಿಡು ಅಂದೆ. ಆವತ್ತು ಬೈದದ್ದೂ ಅಷ್ಟೇ ಜನರ ಮುಂದೆ.

ಚನ್ನರಾಯಪ್ಪ